ಕಾಯಿಲ್ ಕಲೆ ಅಂತೀರಾ? ಹಾಗಾದ್ರೆ ಲೆಕ್ಕ ತೋರಿಸಿ

(1/5)
ಫೋಟೋದಲ್ಲಿರೋದು ನಮ್ಮ ರೂಮಿನ ಕರೆಂಟ್ ಒಲೆಯ ಸ್ಪ್ರಿಂಗ್. ರಾತ್ರಿ ಮ್ಯಾಗಿಗೆ ಅಂತ ಇಟ್ಕೊಂಡಿದ್ದು, ವಾರ್ಡನ್‌ಗೆ ಹೇಳ್ಬೇಡಿ. ಇದನ್ನ ಯಾರೂ ಸ್ಲೋ ಮೋಷನ್‌ನಲ್ಲಿ ಶೂಟ್ ಮಾಡಿ, ಬಿಜಿಎಂ ಹಾಕಿ, 'ಕಲೆ' ಅಂತ ಪೋಸ್ಟ್ ಮಾಡಲ್ಲ. ಅದೇ ಥರದ ತಂತಿಯನ್ನ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಸುತ್ತಿ, ವೇಪ್‌ನ ಅಟಾಮೈಜರ್ ಒಳಗೆ ಕೂರಿಸಿ, ಕೆಂಪಗೆ ಕಾಯಿಸಿ ರೀಲ್ ಹಾಕಿದ್ರೆ ಮಾತ್ರ ನೀವು ಸಾಲಾಗಿ ಬೆಂಕಿ ಎಮೋಜಿ ಒತ್ತುತ್ತೀರಿ. ಕೆಳಗೆ ಒಬ್ಬ ಖಂಡಿತ ಇರ್ತಾನೆ: "ಮಗಾ, ಲಿಂಕ್ ಕಳ್ಸು."

ಈ ಸರಣಿ ಆ ಎಮೋಜಿ ಒತ್ತೋ ನಿಮಗೆ.

ಮೊದಲೇ ಹೇಳ್ಬಿಡ್ತೀನಿ. ನಾನು ಎಳೆಯಲ್ಲ. ಭಾರತದಲ್ಲಿ 2019ರಿಂದ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ನಿಷೇಧ. ಆದ್ದರಿಂದ ಇಲ್ಲಿ ಯಾವ ಬ್ರ್ಯಾಂಡಿನ ಹೆಸರೂ ಬರಲ್ಲ, ಫೋಟೋನೂ ಬರಲ್ಲ. ನನಗೆ ಈ ವಿಷಯ ಗೊತ್ತಾಗಿದ್ದು ದೊಡ್ಡಪ್ಪನ ಮಗನಿಂದ. ಅಣ್ಣ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಇದ್ದಾನೆ. ಅಲ್ಲಿ 18 ತುಂಬಿದವರಿಗೆ ಇದು ಕಾನೂನುಬದ್ಧ. ದಿನಕ್ಕೆ ಒಂದು ಪ್ಯಾಕ್ ಸಿಗರೇಟ್ ಸೇದ್ತಿದ್ದ, ಬಿಡೋಕೆ ಅಂತ ಇದನ್ನ ಹಿಡಿದ, ಆಮೇಲೆ ಕಾಯಿಲ್ ತಾನೇ ಸುತ್ತೋಕೆ ಶುರು ಮಾಡಿದ. ವಿಡಿಯೋ ಕಾಲ್‌ನಲ್ಲಿ ನೋಡ್ತಾ ನೋಡ್ತಾ ನಾನೂ ಕಲಿತೆ. ಹೀಟರ್ ರಿಪೇರಿ ಅಂಗಡಿಯಿಂದ ನಿಕ್ರೋಮ್ ತಂತಿ ತಂದು, 3 ಮಿಮೀ ಡ್ರಿಲ್ ಬಿಟ್ ಮೇಲೆ ಸುತ್ತಿ, ಡಿಪ್ಲೊಮಾ ಓದೋ ಗೆಳೆಯನ ಮಲ್ಟಿಮೀಟರ್‌ನಲ್ಲಿ ಓಮ್ ಅಳೆದಿದ್ದೀನಿ. ಬಿಕಾಂ ಹುಡುಗನಿಗೆ ಇದೆಲ್ಲ ಯಾಕೆ ಅಂತೀರಾ? ನಾಲ್ಕನೇ ಪೋಸ್ಟ್‌ಗೆ ಬನ್ನಿ, ಯಾಕೆ ಅಂತ ಗೊತ್ತಾಗುತ್ತೆ.

(2/5)
ಈಗ ಶೈಲಿಗಳು. ಫೋಟೋದಲ್ಲಿರೋ ಚಿತ್ರ ನಾನೇ ಬರೆದದ್ದು, ನಗಬೇಡಿ.

ಎಡಗಡೆ ಮೊದಲನೆಯದು ಸಾದಾ ದುಂಡು ತಂತಿ. 26 ಗೇಜ್ ಅಂದ್ರೆ ದಪ್ಪ 0.4 ಮಿಮೀ. ಕಂಥಾಲ್ ತಂತಿಯಾದ್ರೆ 3 ಮಿಮೀ ಬಿಟ್ ಮೇಲೆ ಆರು ಸುತ್ತು ಸುತ್ತಿ, ಕಾಲು ಬಿಟ್ಟು ಕತ್ತರಿಸಿದ್ರೆ ಸುಮಾರು 0.8 ಓಮ್ ಬರುತ್ತೆ. ನಿಕ್ರೋಮ್‌ನ ರೋಧ ಕಡಿಮೆ, ಅದರಲ್ಲಿ 0.6ರ ಹತ್ತಿರ. ನನ್ನ ಮಲ್ಟಿಮೀಟರ್ 0.7 ತೋರಿಸ್ತು. ಆದ್ರೆ ಅದರ ಎರಡು ಕಡ್ಡಿ ಮುಟ್ಟಿಸಿದ್ರೇನೆ 0.1 ತೋರಿಸುತ್ತೆ, ಅದನ್ನ ಕಳೀಬೇಕು. ಈ ಸಣ್ಣ ಕಳೆಯೋ ಲೆಕ್ಕ ಮರೆತ್ರೆ ಮುಂದಿನದೆಲ್ಲ ತಪ್ಪು.

ಎರಡನೆಯದು ಕ್ಲಾಪ್ಟನ್. ಗಿಟಾರ್‌ನ ದಪ್ಪ ತಂತಿ ನೋಡಿದ್ದೀರಲ್ಲ? ನಡುವೆ ಒಂದು ದಪ್ಪ ಎಳೆ, ಅದರ ಮೈಮೇಲೆ ಕೂದಲಿನಂಥ ಎಳೆ ಬಿಗಿಯಾಗಿ ಸುತ್ತಿರುತ್ತೆ. ಇದೂ ಹಾಗೇ, ಅದಕ್ಕೇ ಎರಿಕ್ ಕ್ಲಾಪ್ಟನ್ ಹೆಸರು. ನಡುವೆ ಎರಡು ಎಳೆ ಪಕ್ಕಪಕ್ಕ ಇಟ್ಟು ಸುತ್ತಿದ್ರೆ ಫ್ಯೂಸ್ಡ್ ಕ್ಲಾಪ್ಟನ್. ಮೇಲಿನ ಸಣ್ಣ ಎಳೆಯನ್ನ ಒಂದು ಸಲ ಸುತ್ತಿ, ಒಳಗಿನ ಎಳೆ ತೆಗೆದು, ಉಳಿದ ಸ್ಪ್ರಿಂಗನ್ನ ಎಳೆದು ಮತ್ತೆ ಕೋರ್ ಮೇಲೆ ಕೂರಿಸಿದ್ರೆ ಅಲೆಅಲೆಯಾಗಿ ಕಾಣುತ್ತೆ. ಅದೇ ಏಲಿಯನ್, ರೀಲ್‌ಗಳ ರಾಜ. ಚಪ್ಪಟೆ ರಿಬ್ಬನ್‌ಗಳನ್ನ ಇಸ್ಪೀಟ್ ಕಟ್ಟಿನ ಹಾಗೆ ಒಂದರ ಮೇಲೊಂದು ಇಟ್ಟು ಸುತ್ತಿದ್ರೆ ಸ್ಟೇಪಲ್.

ಕೈಚಳಕ ಇಲ್ಲ ಅಂತ ನಾನು ಹೇಳಲ್ಲ. ಏಲಿಯನ್ ಸುತ್ತೋಕೆ ಹೋಗಿ ನಾನು ಮೂರು ಸಂಜೆ, ಎರಡು ಮೀಟರ್ ತಂತಿ ಹಾಳು ಮಾಡಿದ್ದೀನಿ. ನಮ್ಮಜ್ಜಿ ಹೂ ಕಟ್ಟೋ ವೇಗದಲ್ಲಿ ಇದನ್ನ ಮಾಡೋರೂ ಇದ್ದಾರೆ, ಅವರಿಗೆ ಕೈ ಮುಗೀತೀನಿ. ಆದ್ರೆ ಜಂಬದ ಬೆಲೆಯೇ ಬೇರೆ, ಕೆಲಸದ ಬೆಲೆಯೇ ಬೇರೆ.

(3/5)
ನಿಮ್ಮ ಕಡೆಯ ದೊಡ್ಡ ವಾದ ಒಂದೇ: "ಫ್ಲೇವರ್, ಗುರು!"

ಈ ವಾದದಲ್ಲಿ ಅರ್ಧ ಸತ್ಯ ಇದೆ. ಕ್ಲಾಪ್ಟನ್ ಜಾತಿಯ ತಂತಿಗೆ ಮೈ ಜಾಸ್ತಿ. ಸುತ್ತುಗಳ ನಡುವಿನ ಸಂದಿಯಲ್ಲಿ ದ್ರವ ನಿಲ್ಲುತ್ತೆ, ಒಂದೇ ಸಲಕ್ಕೆ ಹೆಚ್ಚು ಆವಿ ಏಳುತ್ತೆ. ಒಪ್ಪಿದೆ. ಉಳಿದರ್ಧವನ್ನ ರೀಲ್ ಹೇಳಲ್ಲ. ಮೇಲಿನ ಎಳೆ ಅಷ್ಟುದ್ದ ಇರೋದ್ರಿಂದ ಕರೆಂಟ್ ಬಹುಪಾಲು ಒಳಗಿನ ಕೋರ್‌ನಲ್ಲೇ ಹರಿಯುತ್ತೆ. ಮೇಲಿನದು ಬರೀ ಹೊದಿಕೆ, ಕೋರ್ ಕಾದು ಅದನ್ನ ಕಾಯಿಸಬೇಕು. ತಣ್ಣಗಿರೋ ಇಡ್ಲಿ ದಬರಿಯನ್ನ ಒಲೆ ಮೇಲಿಟ್ಟ ಹಾಗೆ. ಲೋಹ ಜಾಸ್ತಿಯಾದಷ್ಟೂ ಬಿಸಿಯಾಗೋಕೆ ಹೊತ್ತು ಬೇಕು, ಅಷ್ಟು ಹೊತ್ತು ಕಾಯೋಕೆ ಯಾರಿಗೂ ತಾಳ್ಮೆ ಇಲ್ಲ. ಹಾಗಾಗಿ ವ್ಯಾಟ್ ಏರಿಸ್ತಾರೆ. 15 ವ್ಯಾಟ್‌ನಲ್ಲಿ ಮುಗಿಯೋ ಕೆಲಸ 80ಕ್ಕೆ ಹೋಗುತ್ತೆ.

ಈಗ ಲೆಕ್ಕ. 2500 ಎಂಎಎಚ್‌ನ ಒಂದು 18650 ಸೆಲ್ ಅಂದ್ರೆ 9 ವ್ಯಾಟ್-ಅವರ್. 15 ವ್ಯಾಟ್‌ನಲ್ಲಿ ಕಾಗದದ ಮೇಲೆ 36 ನಿಮಿಷ ಕಾಯುತ್ತೆ, ಮೂರು ಸೆಕೆಂಡಿನ ಎಳೆತಕ್ಕೆ 720 ಸಲ. 80 ವ್ಯಾಟ್‌ನಲ್ಲಿ ಏಳು ನಿಮಿಷವೂ ಬರಲ್ಲ, 135 ಸಲ ಅಷ್ಟೇ. ದ್ರವವೂ ಅದಕ್ಕೆ ತಕ್ಕಂತೆ ಖಾಲಿ.

ತಂತಿ ಬೆಲೆ? ಅಣ್ಣ ಹತ್ತು ಮೀಟರ್ ಕಂಥಾಲ್ ಸುರುಳಿಗೆ 5 ಪೌಂಡ್ ಕೊಟ್ಟ. ಒಂದು ಕಾಯಿಲ್‌ಗೆ ಏಳು ಸೆಂಟಿಮೀಟರ್ ಚಿಲ್ಲರೆ. ಅಂದ್ರೆ 135ರಿಂದ 140 ಕಾಯಿಲ್, ಒಂದಕ್ಕೆ ನಾಲ್ಕು ಪೆನ್ನಿಗೂ ಕಡಿಮೆ. ಕೈಯಲ್ಲಿ ಮಾಡಿದ ಏಲಿಯನ್ ಒಂದು ಜೊತೆಗೆ ಅವನೇ ಒಮ್ಮೆ 18 ಪೌಂಡ್ ಕೊಟ್ಟಿದ್ದ, ಒಂದಕ್ಕೆ 9. ಇನ್ನೂರು ಪಟ್ಟು ದುಡ್ಡು ಕೊಟ್ಟೆ, ಇನ್ನೂರು ಪಟ್ಟು ರುಚಿ ಬಂತಾ ಅಂತ ಕೇಳಿದೆ. "ಮೊದಲ ಎರಡು ದಿನ ಬಂದ ಹಾಗಿತ್ತು ಕಣೋ" ಅಂದ. ಆ ಸಂದಿಗಳಲ್ಲೇ ಸಿಹಿ ದ್ರವದ ಕರಿ ಕೂತ್ಕೊಳ್ಳುತ್ತೆ, ತೊಳೆಯೋದು ಕಷ್ಟ. ಈಗ ಅವನು ವಾಪಸ್ 26 ಗೇಜ್‌ಗೆ ಬಂದಿದ್ದಾನೆ. ಸುತ್ತುಗಳ ನಡುವೆ ಜಾಗ ಬಿಟ್ಟು ಸುತ್ತುತ್ತಾನೆ. ಅದೂ ಒಂದು ಜಗಳ. ಒತ್ತಾಗಿ ಸುತ್ತಿದ್ರೆ ನೋಡೋಕೆ ಚೆಂದ, ಆದ್ರೆ ಒಂದು ಸುತ್ತು ಇನ್ನೊಂದಕ್ಕೆ ಸರಿಯಾಗಿ ತಾಗದಿದ್ರೆ ಅಲ್ಲೇ ಒಂದು ಕಡೆ ಉರಿದುಹೋಗುತ್ತೆ. ಬಿಡಿಬಿಡಿಯಾಗಿದ್ರೆ ಆ ತಲೆನೋವಿಲ್ಲ. ನನ್ನ ವೋಟು ಬಿಡಿ ಸುತ್ತಿಗೆ.

(4/5)
ಇದು ಬರೆಯೋಕೆ ಕಾರಣ ಬೇರೆ.

ನನ್ನ ರೂಮ್‌ಮೇಟ್ ಜೀವನದಲ್ಲಿ ಒಂದು ಸಿಗರೇಟ್ ಸೇದಿದವನಲ್ಲ. ಅವನಿಗೆ ಇಷ್ಟ ಆಗಿದ್ದು ಹೊಗೆ ಅಲ್ಲ, ರೀಲ್. ನೀವು ಬೆಂಕಿ ಎಮೋಜಿ ಹಾಕಿದ ಅದೇ ಜಾತಿಯ ರೀಲ್. ಕಾಯಿಲ್ ಕೆಂಪಗಾಗೋದು, ನಡುವಿಂದ ಹೊರಕ್ಕೆ ಹರಡೋದು. ಎರಡನೇ ವರ್ಷದಲ್ಲಿ ಯಾವನೋ ಒಬ್ಬ ಟೆಲಿಗ್ರಾಂನಲ್ಲಿ ಒಂದು ಪೆಟ್ಟಿಗೆ ಕಳಿಸಿದ. ಒಳಗೆ ಒಂದು ಹಿತ್ತಾಳೆ ಟ್ಯೂಬ್ ಮಾಡ್, ಕೂರಿಸಿಟ್ಟ ಏಲಿಯನ್ ಕಾಯಿಲ್, ಎರಡು ಸೆಲ್. ಒಂದು ಸೆಲ್‌ನ ಪ್ಲಾಸ್ಟಿಕ್ ಹೊದಿಕೆ ಅಂಚಲ್ಲಿ ಹರಿದಿತ್ತು. ಕಾಯಿಲ್ ಚೀಟಿ ಮೇಲೆ 0.12 ಓಮ್ ಅಂತ ಬರೆದಿತ್ತು.

ನೀವೇ ಭಾಗಿಸಿ. ಆ ಟ್ಯೂಬ್‌ನಲ್ಲಿ ಚಿಪ್ ಇಲ್ಲ, ಮಿತಿ ಇಲ್ಲ, ಗುಂಡಿ ಒತ್ತಿದ್ರೆ ಸೆಲ್‌ನಿಂದ ಕಾಯಿಲ್‌ಗೆ ನೇರ. ಪೂರ್ತಿ ಚಾರ್ಜ್ ಆದ ಸೆಲ್ 4.2 ವೋಲ್ಟ್. 4.2 ಭಾಗ 0.12, 35 ಆಂಪಿಯರ್. ಒಳ್ಳೆ ಕಂಪನಿಯ 18650 ಸೆಲ್‌ಗಳಿಗೇ ಸಾಮಾನ್ಯವಾಗಿ 20, 25 ಆಂಪಿಯರ್ ಮಿತಿ, ಇವನ ಸೆಲ್‌ಗೆ ಹೆಸರೇ ಇರಲಿಲ್ಲ. 0.8 ಓಮ್ ಸಾದಾ ಕಾಯಿಲ್ ಇದ್ದಿದ್ರೆ ಐದೂಕಾಲು ಆಂಪಿಯರ್ ಸಾಕಾಗ್ತಿತ್ತು. ನಾನು ಇದನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದು ತೋರಿಸಿದೆ. "ನೀನು ಕಾಸ್ಟಿಂಗ್ ಓದು ಹೋಗೋ" ಅಂದ.

ಕೊನೆಗೆ ಕೈಕೊಟ್ಟಿದ್ದು ಕಾಯಿಲ್ ಕೂಡ ಅಲ್ಲ. ಹೊದಿಕೆ ಹರಿದ ಸೆಲ್ ಪ್ಯಾಂಟ್ ಜೇಬಲ್ಲಿತ್ತು, ಜೊತೆಗೆ ಬೈಕ್ ಕೀ. ಕ್ಯಾಂಟೀನ್‌ನಲ್ಲಿ ಕೂತಿದ್ದಾಗ ಶಾರ್ಟ್ ಆಯ್ತು. ಸದ್ದು ಪ್ರೆಶರ್ ಕುಕ್ಕರ್ ವಿಷಲ್ ಥರ. ತೊಡೆ ಮೇಲೆ ಅಂಗೈ ಅಗಲ ಸುಟ್ಟಿದೆ, ಗುರುತು ಈಗಲೂ ಇದೆ. ಆಸ್ಪತ್ರೆಯಲ್ಲಿ "ಪವರ್ ಬ್ಯಾಂಕ್" ಅಂದ. ಅಮ್ಮನಿಗೂ ಹಾಗೇ ಹೇಳಿದ. ಆ ಸುಳ್ಳಿಗೆ ಸಾಕ್ಷಿ ನಾನು. ಆಂಟಿ ಫೋನ್ ಮಾಡಿ "ನೀನಾದ್ರೂ ನಿಜ ಹೇಳಪ್ಪ" ಅಂದಾಗ ನಾನೂ ಪವರ್ ಬ್ಯಾಂಕ್ ಅಂದೆ.

(5/5)
"ಸಿಗರೇಟಿಗಿಂತ ಇದು ವಾಸಿ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಸೇದೋರು ಬಿಡೋಕೆ ಬಳಸಿದ್ರೆ ಅಪಾಯ ಕಡಿಮೆ ಅಂತ ಇಂಗ್ಲೆಂಡಿನ ಆರೋಗ್ಯ ಇಲಾಖೆಯೇ ಹೇಳುತ್ತೆ, ಅಣ್ಣ ಅದಕ್ಕೇ ಹಿಡಿದದ್ದು. ಅವನಿಗೆ ಅದಕ್ಕೆ ಬೇಕಾಗಿದ್ದು 0.8 ಓಮ್, 15 ವ್ಯಾಟ್. ಬಿಡೋಕೆ ಹೊರಟವನಿಗೆ ಏಲಿಯನ್ ಯಾಕೆ? ಹಿಡಿಯದೇ ಇದ್ದವನಿಗೆ ಎರಡೂ ಯಾಕೆ? ಲೋಹದ ಮಾತೂ ಇದೆ. 2018ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 56 ಜನರ ಸ್ವಂತ ವೇಪ್‌ಗಳನ್ನ ಪರೀಕ್ಷಿಸಿ, ಕಾಯಿಲ್ ದಾಟಿ ಬಂದ ಆವಿಯಲ್ಲಿ ಸೀಸ, ನಿಕ್ಕಲ್, ಕ್ರೋಮಿಯಂ ಕಂಡಿದ್ರು. ಬಾಟಲಿಯ ದ್ರವದಲ್ಲಿ ಅವು ತೀರಾ ಕಡಿಮೆ ಇದ್ದವು. ನೀವು ಜೂಮ್ ಮಾಡಿ ನೋಡೋ ಆ ಹೊಳಪಿನ ತಂತಿಯ ಚೂರು ಆವಿಯಲ್ಲೂ ಬರುತ್ತೆ.

ಇನ್ನು ಕಾನೂನು. ಇದನ್ನ ಮಾರಿದವನಿಗೆ ಮೊದಲ ಸಲವೇ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಜಾಹೀರಾತಿಗೂ ಅದೇ ಶಿಕ್ಷೆ. ಅದೇ 2019ರಲ್ಲಿ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಬಂತು, ನಮಗೆ ಪಾಠದಲ್ಲಿದೆ. ದೋಷ ಇರೋ ಸರಕು ಕೊಟ್ಟವನ ಮೇಲೆ ದೂರು ಕೊಡಬಹುದು. ನನ್ನ ರೂಮ್‌ಮೇಟ್ ಯಾರ ಮೇಲೆ ಕೊಡ್ತಾನೆ? ಬಿಲ್ ಇಲ್ಲ, ಹೆಸರಿಲ್ಲ, ಟೆಲಿಗ್ರಾಂ ಖಾತೆ ಮಾರನೇ ದಿನವೇ ಡಿಲೀಟ್. ಮಾರಿದವನಿಗೆ ಲಾಭ, ಸುಟ್ಟವನಿಗೆ ನಷ್ಟ. ಆ ವ್ಯಾಪಾರದ ಜಾಹೀರಾತು ಖರ್ಚು ಸೊನ್ನೆ. ಯಾಕಂದ್ರೆ ಅದನ್ನ ಪುಕ್ಕಟೆ ಮಾಡಿಕೊಡ್ತಿರೋರು ನೀವು, ಶೇರ್ ಬಟನ್ ಒತ್ತಿ.

ವಾದಕ್ಕೆ ಬರೋರು ಬನ್ನಿ, ಆದ್ರೆ ತಂತಿಯ ಗೇಜ್, ಕಾಯಿಲ್‌ನ ಓಮ್, ಸೆಲ್‌ನ ಆಂಪಿಯರ್ ಮಿತಿ ಮೂರೂ ಬರೆದು ಬನ್ನಿ. ಲಿಂಕ್ ಕೇಳಿದೋರನ್ನ ಬ್ಲಾಕ್ ಮಾಡ್ತೀನಿ. ಆಂಟಿ, ನೀವೇನಾದ್ರೂ ಇದನ್ನ ಓದಿದ್ರೆ, ಅವತ್ತು ಫೋನಲ್ಲಿ ಹೇಳಿದ್ದು ಸುಳ್ಳು. ಅವನಿಗೆ ಹೇಳಿಯೇ ಇದನ್ನ ಪೋಸ್ಟ್ ಮಾಡ್ತಿದ್ದೀನಿ.