ಕೇಸು ಮುಗಿದಿದೆ, ಕಾಗದ ಮುಗಿದಿಲ್ಲ: ದಲ್ಲಾಳಿ ಬೇಡ, ನೀವೇ ಹೋಗಿ

ಈ ವಾರ ಬೀಜ, ಗೊಬ್ಬರದ ಮಾತು ಬಿಟ್ಟು ಬೇರೆ ವಿಷಯ ಹೇಳ್ತೀನಿ. ಹಳ್ಳಿಯಲ್ಲಿ ಬಹಳ ಜನಕ್ಕೆ ಈ ತೊಂದರೆ ಇದೆ. ಬಾಯಿಬಿಟ್ಟು ಹೇಳೋಕೆ ಮಾತ್ರ ಸಂಕೋಚ.

ಬ್ಯಾಂಕ್ ಸಾಲ ತೀರಿಸಿದ ಮೇಲೂ ಪಹಣಿಯ 11ನೇ ಕಾಲಂನಲ್ಲಿ ಸಾಲ ಹಾಗೇ ಕೂತಿರೋದನ್ನ ನೋಡಿರ್ತೀರಿ. ಬ್ಯಾಂಕಿನ ಋಣಮುಕ್ತ ಪತ್ರ ಕಚೇರಿ ತಲುಪಿ ದಾಖಲೆ ತಿದ್ದುವವರೆಗೂ ಕಾಗದದ ಮೇಲೆ ನೀವು ಸಾಲಗಾರರೇ. ಪೊಲೀಸ್ ಕೇಸಿನ ಕಥೆಯೂ ಇಷ್ಟೇ.

ನನ್ನದೇ ಅನುಭವ ಕೇಳಿ. ಬದುವಿನ ವಿಷಯಕ್ಕೆ ನಮಗೂ ದಾಯಾದಿಗಳಿಗೂ ಜಗಳ ಆಗಿ ಕೇಸು ಬಿತ್ತು. ಎರಡು ವರ್ಷ ಕೋರ್ಟಿಗೆ ಓಡಾಡಿ ಲೋಕ ಅದಾಲತ್‌ನಲ್ಲಿ ರಾಜಿಯಾದೆವು. ಈಗ ಅವರ ಮನೆ ಮದುವೆಗೆ ನಾವೇ ಮುಂದೆ ನಿಂತು ಬಡಿಸ್ತೀವಿ. ಆದರೆ ಹೊರದೇಶದ ಕೃಷಿ ಪ್ರವಾಸಕ್ಕೆ ಅಂತ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದಾಗ ಠಾಣೆಯಿಂದ ಹೋದ ವರದಿ ಏನು ಗೊತ್ತಾ? ಕೇಸು ಬಾಕಿ ಇದೆ!

ಅಷ್ಟರಲ್ಲಿ ಒಬ್ಬ ಬಂದು, "ಅಣ್ಣಾ, ಹದಿನೈದು ಸಾವಿರ ಕೊಡಿ, ಕಂಪ್ಯೂಟರ್‌ನಿಂದ ಹೆಸರೇ ತೆಗೆಸಿಬಿಡ್ತೀನಿ" ಅಂದ. ಕೊಡೋಕೂ ಹೊರಟಿದ್ದೆ. ಪುಣ್ಯಕ್ಕೆ ಮನೆಯಾಕೆ ತಡೆದಳು. ಮಾರನೇ ದಿನ ಕೋರ್ಟಿಗೆ ಹೋಗಿ ಆದೇಶದ ದೃಢೀಕೃತ ನಕಲು ಕೇಳಿದೆ. ಅದಕ್ಕೆ ಆದ ಖರ್ಚು ಒಂದು ಮೂಟೆ ಯೂರಿಯಾದ ಬೆಲೆಯಷ್ಟೂ ಇಲ್ಲ.

ಅದಕ್ಕೇ ಹೇಳ್ತಿರೋದು. ರಾಜಿಯಾದ, ಖುಲಾಸೆಯಾದ ಸಣ್ಣ ಕೇಸಿನ ಕಾಗದ ಸರಿ ಮಾಡಿಸೋಕೆ ಲಾಯರ್ ಬೇಕಿಲ್ಲ, ದಲ್ಲಾಳಿಯಂತೂ ಬೇಡವೇ ಬೇಡ.

ಮಾಡೋದು ಹೇಗೆ?

ಮೊದಲು ಮೊಬೈಲ್‌ನಲ್ಲಿ ಇ-ಕೋರ್ಟ್ಸ್ ಸರ್ವೀಸಸ್ ಆ್ಯಪ್ ಹಾಕ್ಕೊಳ್ಳಿ. ಇದು ಉಚಿತ. ನಿಮ್ಮ ಹೆಸರು ಮತ್ತು ವರ್ಷ, ಇಲ್ಲವೇ ಎಫ್‌ಐಆರ್ ನಂಬರ್ ಹಾಕಿ ಹುಡುಕಿ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತೆ, ಬರೆದಿಟ್ಟುಕೊಳ್ಳಿ. ಕೇಸು ವಿಲೇವಾರಿ ಆಗಿದೆಯಾ, ಯಾವ ದಿನ, ಹೇಗೆ ಅನ್ನೋದು ಅಲ್ಲೇ ಕಾಣುತ್ತೆ. ಪೊಲೀಸರೇ 'ಬಿ ರಿಪೋರ್ಟ್' ಹಾಕಿ ಮುಗಿಸಿದ್ದರೆ, ಅದನ್ನು ಕೋರ್ಟ್ ಒಪ್ಪಿದೆಯಾ ಅಂತ ವಿಚಾರಿಸಿ.

ಆಮೇಲೆ ಅದೇ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಕೊಟ್ಟು ದೃಢೀಕೃತ ನಕಲು ತಗೊಳ್ಳಿ. ಕೇಸಿನಲ್ಲಿ ಹೆಸರಿದ್ದವರು ತಾವೇ ಅರ್ಜಿ ಹಾಕಬಹುದು.

ಅದರ ಜೆರಾಕ್ಸ್ ಜೊತೆ ಠಾಣೆಗೆ ಒಂದು ಪುಟದ ಅರ್ಜಿ ಕೊಡಿ: ಇಂಥ ಅಪರಾಧ ಸಂಖ್ಯೆಯ ಕೇಸು ಇಂಥ ದಿನ ಮುಗಿದಿದೆ, ದಾಖಲೆ ಸರಿಪಡಿಸಿ ಅಂತ. ನಿಮ್ಮ ಪ್ರತಿಯ ಮೇಲೆ ಸಹಿ, ಸೀಲು ಹಾಕಿಸ್ಕೊಳ್ಳದೆ ಬರಬೇಡಿ. ಇನ್ನೊಂದು ಪ್ರತಿ ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಉತ್ತರ ಬರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದೆ, 30 ದಿನದಲ್ಲಿ ಉತ್ತರ ಕೊಡಬೇಕು.

ಕೇಸು ಇನ್ನೂ ನಡೀತಿದ್ದರೆ

ಇಲ್ಲಿ ನಮ್ಮ ಹುಡುಗರು ಮಾಡುವ ದೊಡ್ಡ ತಪ್ಪು ಒಂದಿದೆ. "ಒಪ್ಕೊಂಡು ಐನೂರು ದಂಡ ಕಟ್ಟಿಬಿಡು, ಇವತ್ತೇ ಮುಗಿಯುತ್ತೆ" ಅಂತ ಯಾರೋ ಹೇಳ್ತಾರೆ. ಕಟ್ಟಿ ಬರ್ತೀವಿ. ತಪ್ಪೊಪ್ಪಿ ದಂಡ ಕಟ್ಟಿದರೆ ಕಾನೂನಿನ ಪ್ರಕಾರ ನಿಮಗೆ ಶಿಕ್ಷೆಯಾಗಿದೆ. ಅವತ್ತು ಉಳಿದದ್ದು ಒಂದು ದಿನದ ಓಡಾಟ, ಜೊತೆಗೆ ಬಂದದ್ದು ಜೀವನಪೂರ್ತಿ ದಾಖಲೆ.

ಅದರ ಬದಲು ರಾಜಿ ನೋಡಿ. ಕೈಯಲ್ಲಿ ಹೊಡೆದದ್ದು, ಬೈದದ್ದು, ದಾರಿ ಅಡ್ಡಗಟ್ಟಿದ್ದು, ಜಮೀನಿಗೆ ನುಗ್ಗಿದ್ದು, ಇಂಥ ಹಲವು ಕೇಸುಗಳಲ್ಲಿ ದೂರು ಕೊಟ್ಟವರು ಒಪ್ಪಿದರೆ ರಾಜಿಗೆ ಅವಕಾಶ ಇದೆ. ಹಳೆಯ ಸಿಆರ್‌ಪಿಸಿಯಲ್ಲಿ ಇದು 320ನೇ ಕಲಂ, 2024ರ ಜುಲೈ 1ರಿಂದ ಜಾರಿಯಾದ ಬಿಎನ್‌ಎಸ್‌ಎಸ್‌ನಲ್ಲಿ 359. ಈ ಕಲಂ ಪ್ರಕಾರ ರಾಜಿ ಆದರೆ ಅದು ಖುಲಾಸೆ. ದಂಡ ಕಟ್ಟಿದ್ದಕ್ಕೂ ಇದಕ್ಕೂ ಭೂಮಿ ಆಕಾಶದ ವ್ಯತ್ಯಾಸ. ಆಯುಧದಿಂದ ಗಾಯ ಮಾಡಿದಂಥ ಕೇಸಾದರೆ ಲೆಕ್ಕವೇ ಬೇರೆ, ಅಲ್ಲಿ ವಕೀಲರ ಸಲಹೆ ಬೇಕು. ಹಣ ಇಲ್ಲ ಅಂತ ಕೈಚೆಲ್ಲಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಸಹಾಯವಾಣಿ 15100. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರ ನೆರವು ಉಚಿತ.

ಇನ್ನು ಹೋರಾಟದ ಕೇಸುಗಳು. ರಸ್ತೆ ತಡೆಗೆ ಹೋಗಿ ಹೆಸರು ಸೇರಿಸಿಕೊಂಡವರು ಊರಿಗೆ ನಾಲ್ಕು ಜನ ಸಿಗ್ತಾರೆ. ಸರ್ಕಾರ ಕೇಸು ವಾಪಸ್ ತಗೊಳ್ಳುತ್ತೆ ಅಂತ ಪೇಪರ್‌ನಲ್ಲಿ ಬಂದ ಕೂಡಲೇ ನಿಶ್ಚಿಂತರಾಗಬೇಡಿ. ಸರ್ಕಾರಿ ಅಭಿಯೋಜಕರು ಕೇಳಿ, ಕೋರ್ಟ್ ಒಪ್ಪಿದರೆ ಮಾತ್ರ ಅದು ವಾಪಸ್. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 43 ಕೇಸು ಹಿಂಪಡೆಯಲು ಆದೇಶ ಮಾಡಿತು, 2025ರ ಮೇನಲ್ಲಿ ಹೈಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. ಸುದ್ದಿ ನಂಬಬೇಡಿ, ಆ್ಯಪ್‌ನಲ್ಲಿ ನೋಡಿ.

ಆಗದ್ದನ್ನೂ ಹೇಳಿಬಿಡ್ತೀನಿ

ದೊಡ್ಡವರ ಮೇಲಿನ ಕೇಸು ಆಗಿಯೇ ಇಲ್ಲ ಅನ್ನೋ ಹಾಗೆ ಅಳಿಸಿಹಾಕುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಘಟನೆ ಆದಾಗ 18 ವರ್ಷ ತುಂಬಿರದಿದ್ದರೆ, ಘೋರ ಅಪರಾಧ ಬಿಟ್ಟು ಉಳಿದವಕ್ಕೆ, ದಾಖಲೆ ನಾಶ ಮಾಡಬೇಕು ಅಂತ 2015ರ ಬಾಲನ್ಯಾಯ ಕಾಯ್ದೆ ಹೇಳುತ್ತೆ. ಉಳಿದವರಿಗೆ ಸಿಗೋದು 'ಮುಗಿದಿದೆ' ಅನ್ನೋ ಸರಿಯಾದ ದಾಖಲೆ. ಅಷ್ಟು ಸಾಕು. ಕೆಲಸದ ಅರ್ಜಿಯಲ್ಲಿ ಕೇಸಿನ ಬಗ್ಗೆ ಕೇಳಿದ್ದರೆ ಮುಚ್ಚಿಡಬೇಡಿ, ಖುಲಾಸೆಯಾದದ್ದನ್ನೂ ಬರೆದು ನಕಲು ಲಗತ್ತಿಸಿ. ಕೇಸಿಗಿಂತ ಮುಚ್ಚಿಟ್ಟದ್ದೇ ಕೆಲಸಕ್ಕೆ ಮುಳುವಾಗಬಹುದು. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕೇಳಿದ ಮಾಹಿತಿ ನಿಜವಾಗಿರಬೇಕು ಅಂತ ಸ್ಪಷ್ಟವಾಗಿ ಹೇಳಿದೆ.

ಕೋರ್ಟ್ ಬಿಡುಗಡೆ ಮಾಡಿದ ದಿನವೇ ಠಾಣೆಯ ದಾಖಲೆ ತಾನಾಗಿ ಬದಲಾಗಬೇಕಿತ್ತು. ಬೆಳೆ ಸಮೀಕ್ಷೆ ಮೊಬೈಲ್‌ನಲ್ಲಿ ಆಗುವ ಕಾಲದಲ್ಲಿ ರೈತ ಯಾಕೆ ಈ ಕಾಗದ ಹೊತ್ತು ತಿರುಗಬೇಕು? ಈ ಪ್ರಶ್ನೆ ನಾವು ಕೇಳ್ತಾನೇ ಇರಬೇಕು. ಆದರೆ ಉತ್ತರ ಬರುವವರೆಗೆ ಕಾಯ್ತಾ ಕೂತರೆ ನಷ್ಟ ನಮಗೇ.

ಪಹಣಿ ಆಗಾಗ ನೋಡ್ಕೊಳ್ತೀರಲ್ಲ, ಇವತ್ತು ರಾತ್ರಿ ಊಟ ಆದ ಮೇಲೆ ಇದನ್ನೂ ಒಮ್ಮೆ ನೋಡಿ. ನಿಮ್ಮ ಹೆಸರಷ್ಟೇ ಅಲ್ಲ, ಮೊಬೈಲ್ ನೋಡಲು ಬಾರದ ಅಪ್ಪನ ಹೆಸರನ್ನೂ ಹುಡುಕಿ ನೋಡಿ.