ಹೆಬ್ಬಗೋಡಿಯ ಹುಡುಗರು ಭಾನುವಾರದ ಮೀಟಿಂಗ್‌ಗೆ ಯಾಕೆ ಹೋಗ್ತಾರೆ?

"ಮಗಾ, ಭಾನುವಾರ ಫ್ರೀ ಇದ್ದೀಯಾ? ಒಬ್ಬರು ಸರ್‌ನ ಮೀಟ್ ಮಾಡಿಸ್ತೀನಿ."

ಹೊಸೂರು ರಸ್ತೆಯ ಆಚೀಚೆ ಪಿಜಿಯಲ್ಲೋ ಶೀಟ್ ಮನೆಯಲ್ಲೋ ಇರುವ ಹುಡುಗರಿಗೆ ಈ ಮಾತು ಹೊಸದಲ್ಲ. ಯಾವ ಕಂಪನಿ, ಏನು ಕೆಲಸ ಅಂತ ಕೇಳಿದರೆ 'ಫೋನಲ್ಲಿ ಹೇಳೋಕಾಗಲ್ಲ, ಬಂದು ನೋಡು' ಎಂಬ ಉತ್ತರ. ಹೋದರೆ ಅಲ್ಲೊಬ್ಬ ಕೋಟು ಹಾಕಿದವನು, ಬೋರ್ಡಿನ ಮೇಲೆ ಒಂದರ ಕೆಳಗೊಂದು ವೃತ್ತ, ಕಾರಿನ ಫೋಟೊ, ಮಾತುಮಾತಿಗೂ ಚಪ್ಪಾಳೆ. ನೆಟ್‌ವರ್ಕ್ ಮಾರ್ಕೆಟಿಂಗ್.

'ದುರಾಸೆಗೆ ಬಿದ್ದು ಮೋಸ ಹೋದರು' ಎಂದು ಟಿವಿಯವರು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಹುಡುಗರು ಕೇಳುತ್ತಿರುವುದು ಕೆಲಸವೊಂದು ಕೊಡಬೇಕಾದ್ದನ್ನೇ: ಮುಂದಿನ ವರ್ಷ ಈ ವರ್ಷಕ್ಕಿಂತ ಸ್ವಲ್ಪ ಮೇಲಿರುತ್ತೇನೆ ಎಂಬ ನಂಬಿಕೆ. ಅದೀಗ ಎಲ್ಲಿ ಸಿಗುತ್ತಿದೆ?

ಹೆಬ್ಬಗೋಡಿಯ ಒಂದು ಕಡೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಕಡೆ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಬಂತು, ಊರಿನ ನಿಲ್ದಾಣಕ್ಕೆ ಬಯೋಕಾನ್ ಹೆಸರೂ ಸೇರಿತು. ಆದರೆ ಅದಕ್ಕೂ ಮುಂಚಿನ ತಿಂಗಳು ಟಿಸಿಎಸ್ ಸುಮಾರು 12,000 ಜನರನ್ನು ಕೈಬಿಡುವುದಾಗಿ ಹೇಳಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಇನ್ಫೋಸಿಸ್ ಮೈಸೂರು ಕ್ಯಾಂಪಸ್‌ನಿಂದ 300ಕ್ಕೂ ಹೆಚ್ಚು ಟ್ರೈನಿಗಳು, ಪರೀಕ್ಷೆ ಪಾಸಾಗಲಿಲ್ಲವೆಂಬ ಕಾರಣಕ್ಕೆ, ಬ್ಯಾಗ್ ಹೊತ್ತು ಹೊರಗೆ ಬಂದಿದ್ದರು. ಇದು ಕಂಪ್ಯೂಟರ್ ಮುಂದೆ ಕೂತವರ ಕತೆ. ಫ್ಯಾಕ್ಟರಿ ಗೇಟಿನೊಳಗಿನ ಕಾಂಟ್ರಾಕ್ಟ್ ಕೆಲಸಗಾರನಿಗೆ ಪ್ರಮೋಷನ್ ಎಂಬ ಪದವೇ ಇಲ್ಲ. ಐದು ವರ್ಷದ ನಂತರವೂ ಅದೇ ಮಷಿನ್, ಅದೇ ಶಿಫ್ಟ್, ಬದಲಾಗುವುದು ಏಜೆನ್ಸಿ ಮಾತ್ರ.

ಆ ಬೋರ್ಡಿನ ಮೇಲಿನ ವೃತ್ತಗಳಲ್ಲಾದರೆ ಒಂದು ಏಣಿ ಕಾಣುತ್ತದೆ. ಸಿಲ್ವರ್, ಗೋಲ್ಡ್, ಡೈಮಂಡ್. ಹಗಲೆಲ್ಲ ಸೂಪರ್‌ವೈಸರ್ ಬೈಗುಳ ತಿಂದವನನ್ನು ಅಲ್ಲಿ 'ಲೀಡರ್' ಅಂತ ಕರೆದು ಮೈಕ್ ಕೊಡುತ್ತಾರೆ. ಈ ಮರ್ಯಾದೆಯ ಲೆಕ್ಕವನ್ನು ನಮ್ಮ ಆರ್ಥಿಕ ತಜ್ಞರು ಬರೆದಿಟ್ಟುಕೊಳ್ಳುವುದೇ ಇಲ್ಲ.

ಒಳಗೆ ಕಾಲಿಡಲು ಮಾತ್ರ ದುಡ್ಡು ಬೇಕು. ಈ ಭಾಗದ ಕೆಲಸಗಾರರ ಕೈಗೆ ಒಟ್ಟಿಗೆ ದುಡ್ಡು ಬರುವುದು ಪಿಎಫ್ ಬಿಡಿಸಿಕೊಂಡಾಗ ಮಾತ್ರ. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬಿಗಿ ಮಾಡಲು ಹೊರಟಾಗ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದಿದ್ದು, ಹೆಬ್ಬಗೋಡಿ ಪೊಲೀಸ್ ಠಾಣೆ ಮೇಲೂ ಕಲ್ಲು ಬಿದ್ದಿದ್ದು, ಸರ್ಕಾರ ನಿಯಮ ವಾಪಸ್ ಪಡೆದಿದ್ದು ನೆನಪಿರಬಹುದು. ಆ ದುಡ್ಡು ಅವರಿಗೆ ಅಷ್ಟು ಮುಖ್ಯ. ಅದು ಸಿಗದಿದ್ದರೆ ಮೊಬೈಲ್ ಆ್ಯಪ್‌ನ ಸಾಲವಿದೆ, ಅಮ್ಮನ ಓಲೆಯಿದೆ.

ಈಗ ಏಣಿಯ ಲೆಕ್ಕ ನೋಡಿ. ಒಬ್ಬ 6 ಜನರನ್ನು ಸೇರಿಸಬೇಕು, ಆ ಒಬ್ಬೊಬ್ಬರೂ ಮತ್ತೆ 6 ಜನರನ್ನು. 6, 36, 216... ಐದನೇ ಸುತ್ತಿಗೆ 7,776. ಹತ್ತನೇ ಸುತ್ತಿಗೆ 6 ಕೋಟಿ 4 ಲಕ್ಷ ದಾಟುತ್ತದೆ. 2011ರ ಜನಗಣತಿ ಪ್ರಕಾರ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ತೊಟ್ಟಿಲಲ್ಲಿರುವ ಕೂಸನ್ನೂ ಸೇರಿಸಬೇಕು! ಆಟ ಎಲ್ಲೇ ನಿಲ್ಲಲಿ, ಪ್ರತಿ ಆರು ಜನರಲ್ಲಿ ಐವರು ಕೊನೆಯ ಸಾಲಿನಲ್ಲಿರುತ್ತಾರೆ, ಅವರ ಕೆಳಗೆ ಯಾರೂ ಇರುವುದಿಲ್ಲ. 'ನೀನು ಸರಿಯಾಗಿ ಕಷ್ಟಪಡಲಿಲ್ಲ' ಎಂದು ಸರ್ ಬೈಯುವುದು ಈ ಐವರನ್ನೇ.

ಎಲ್ಲ ಡೈರೆಕ್ಟ್ ಸೆಲ್ಲಿಂಗ್ ಕಂಪನಿಗಳೂ ಕಾನೂನುಬಾಹಿರವಲ್ಲ, ಅದನ್ನು ಒಪ್ಪಬೇಕು. ಸರಕು ಮಾರಿ ಕಮಿಷನ್ ಪಡೆಯುವುದು ವ್ಯಾಪಾರ. ಜನರನ್ನು ಸೇರಿಸಿದ್ದಕ್ಕೆ ಕಮಿಷನ್ ಬಂದರೆ ಅದು ಪಿರಮಿಡ್, ಅದನ್ನು 2021ರ ಡಿಸೆಂಬರ್‌ನಲ್ಲಿ ಬಂದ ಕೇಂದ್ರದ ನಿಯಮಗಳು ನಿಷೇಧಿಸಿವೆ. ಆದರೆ ಈ ಗೆರೆ ಎಷ್ಟು ತೆಳು ಎನ್ನುವುದಕ್ಕೆ ಆಮ್ವೇ ಪ್ರಕರಣ ಸಾಕು. 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ ಅದರ 757 ಕೋಟಿ ರೂಪಾಯಿ ಆಸ್ತಿ ಜಪ್ತಿ ಮಾಡಿ, ಇದು ನೇರ ಮಾರಾಟದ ವೇಷದ ಪಿರಮಿಡ್ ಎಂದಿತು. ಕಂಪನಿ ಅದನ್ನು ಒಪ್ಪಿಲ್ಲ. ಅಮೆರಿಕದ ಗ್ರಾಹಕ ಹಿತ ಕಾಯುವ ಸಂಸ್ಥೆ ಎಫ್‌ಟಿಸಿ 2024ರಲ್ಲಿ ಇಂಥ 70 ಕಂಪನಿಗಳು ಸ್ವತಃ ಪ್ರಕಟಿಸಿದ ಆದಾಯದ ವಿವರಗಳನ್ನು ಪರಿಶೀಲಿಸಿತು. ಹೆಚ್ಚಿನವರಿಗೆ ಸಿಕ್ಕಿದ್ದು ವರ್ಷಕ್ಕೆ 1,000 ಡಾಲರ್ ಅಥವಾ ಅದಕ್ಕೂ ಕಡಿಮೆ, ಅದೂ ಖರ್ಚು ಕಳೆಯುವ ಮುಂಚೆ.

ಹೆಬ್ಬಗೋಡಿಯಲ್ಲಿ ಇನ್ನೊಂದು ನಷ್ಟವಿದೆ. ಇಲ್ಲಿನ ಬಾಡಿಗೆ ರೂಮುಗಳಲ್ಲಿರುವವರು ಊರುಬಿಟ್ಟು ಬಂದವರು. ರಾಯಚೂರಿನಿಂದಲೋ ಕಲಬುರಗಿಯಿಂದಲೋ ಬಂದವನಿಗೆ ಕೆಲಸ ಕೊಡಿಸಿದ್ದು, ಅಡ್ವಾನ್ಸಿಗೆ ದುಡ್ಡು ಹೊಂದಿಸಿದ್ದು ಅವನ ಊರಿನ ಅಣ್ಣನೇ. ಮೀಟಿಂಗ್‌ನಲ್ಲಿ ಮೊದಲು ಬರೆಸುವ ಹೆಸರುಗಳ ಪಟ್ಟಿಯಲ್ಲಿ ಆ ಅಣ್ಣನೇ ಮೊದಲಿಗ. ನಾಳೆ ಕೆಲಸ ಹೋದಾಗ ಯಾರಿಗೆ ಫೋನ್ ಮಾಡಬೇಕಿತ್ತೋ ಅವರಿಗೇ ಇಂದು ಮಾರಿಯಾಗಿರುತ್ತದೆ.

ದೂರು ಕೊಡಬಹುದಲ್ಲ ಅಂತೀರಾ? ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸಿದ 1978ರ ಕಾಯ್ದೆಯ 3ನೇ ಸೆಕ್ಷನ್ ಓದಿ. ಇಂಥ ಯೋಜನೆ ನಡೆಸುವವನಷ್ಟೇ ಅಲ್ಲ, ಸದಸ್ಯನಾಗಿ ಸೇರುವವನೂ ಅದರ ವ್ಯಾಪ್ತಿಗೆ ಬರುತ್ತಾನೆ. ಮೂರು ವರ್ಷದವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೋಟ್ಯಂತರ ಎತ್ತಿದವನಿಗೆ 5,000 ದಂಡ ಯಾವ ಲೆಕ್ಕ? ಪಿಎಫ್ ಕಳಕೊಂಡವನು ಮಾತ್ರ ಹೆದರುತ್ತಾನೆ. ಕೇಂದ್ರದ 2021ರ ನಿಯಮಗಳು ಈ ಕಂಪನಿಗಳ ಮೇಲೆ ಕಣ್ಣಿಡುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರಗಳೇ ಮಾಡಬೇಕು ಎನ್ನುತ್ತವೆ. ಆ ವ್ಯವಸ್ಥೆ ಕೆಲಸ ಮಾಡಬೇಕಾದರೆ ಮೊದಲು ಕೊನೆಯ ಸಾಲಿನ ಸದಸ್ಯ ನಿರ್ಭಯವಾಗಿ ಸಾಕ್ಷಿ ಹೇಳುವಂತಾಗಬೇಕು. ಈಗಿನ ಸ್ಥಿತಿಯಲ್ಲಿ ಅವನು ಠಾಣೆಯ ಮೆಟ್ಟಿಲು ಹತ್ತಿದರೆ ಪೊಲೀಸರು ಕೇಳುವ ಮೊದಲ ಪ್ರಶ್ನೆ, 'ನೀನು ಎಷ್ಟು ಜನರನ್ನ ಸೇರಿಸಿದ್ದೆ?'