ಗುಂಗುರು ಕೂದಲಿಗೆ ಎಣ್ಣೆಯೊಂದೇ ಸಾಲದು

ಗುಂಗುರು ಕೂದಲಿನ ಮಕ್ಕಳೇ, "ಎಣ್ಣೆ ಹಾಕಿಲ್ವಾ, ತಲೆ ಯಾಕೆ ಹೀಗೆ ಕೆದರಿದೆ?" ಅಂತ ಕೇಳಿ ಕೇಳಿ ನಿಮಗೆ ಸಾಕಾಗಿರಬಹುದು. ಅಸೆಂಬ್ಲಿಯಲ್ಲಿ ಇದನ್ನು ಅಶಿಸ್ತು ಅಂತ ಬೈಯುವುದು ನನಗೆ ಒಪ್ಪಿಗೆಯಿಲ್ಲ. ನೆತ್ತಿಯಲ್ಲಿ ಒಸರುವ ಜಿಡ್ಡು ನೇರ ಕೂದಲಿನಲ್ಲಿ ಸಲೀಸಾಗಿ ಇಳಿಯುತ್ತದೆ. ಸುರುಳಿಯ ತಿರುವುಗಳಲ್ಲಿ ಹಾಗೆ ಇಳಿಯುವುದಿಲ್ಲ. ತುದಿ ಒಣಗುವುದು ಅದಕ್ಕೇ.

ಎಣ್ಣೆಯನ್ನೇ ತೇವ ಅಂದುಕೊಂಡಿದ್ದೇವೆ. ಎಣ್ಣೆಯಲ್ಲಿ ನೀರೆಲ್ಲಿದೆ? ಇರುವ ನೀರು ಬೇಗ ಆರದಂತೆ ಅದು ತಡೆಯುತ್ತದೆ, ಅಷ್ಟೆ. ತೆಂಗಿನೆಣ್ಣೆಗೆ ಇನ್ನೊಂದು ಗುಣವೂ ಇದೆ: ಅದರ ಲಾರಿಕ್ ಆಮ್ಲ ಕೂದಲಿನೊಳಕ್ಕೆ ಇಳಿದು, ತೊಳೆಯುವಾಗ ಪ್ರೋಟೀನ್ ನಷ್ಟವಾಗುವುದನ್ನು ಕಡಿಮೆ ಮಾಡುತ್ತದೆ.

ನಮ್ಮ ಕಾಸರಗೋಡು ಕಡೆಯ ಅಜ್ಜಿಯಂದಿರು ದಾಸವಾಳದ ಸೊಪ್ಪು ಕಿವುಚಿ ಗೊಂಪು ಮಾಡ್ತಾರಲ್ಲ, ಅದನ್ನು ಹಳೇ ಕಾಲದ್ದು ಅಂತ ತಳ್ಳಬೇಡಿ. ಆ ಲೋಳೆಯಲ್ಲಿರುವ ಪಾಲಿಸ್ಯಾಕರೈಡುಗಳು ನೀರನ್ನು ಹಿಡಿದಿಡುತ್ತವೆ. ಕೂದಲು ನುಣುಪಾಗಿ ಸಿಕ್ಕು ಬಿಡುತ್ತದೆ. (ಭಾನುವಾರವೇ ಮಾಡಿ, ಸೊಪ್ಪಿನ ಚೂರು ಹೋಗುವಷ್ಟರಲ್ಲಿ ಶಾಲೆಯ ಬಸ್ಸು ಹೋಗಿರುತ್ತದೆ!) ಚೆನ್ನಾಗಿ ತೊಳೆದು, ಒದ್ದೆ ಇರುವಾಗಲೇ ಬೆರಳಿನಿಂದ ಸಿಕ್ಕು ಬಿಡಿಸಿ. ಆಮೇಲೆ ತುದಿಗೆ ಎರಡು ಹನಿ ಎಣ್ಣೆ ಸವರಿ. ಒಣಗಿದ ಮೇಲೆ ಬಾಚಲು ಹೋದರೆ ಕೂದಲು ತುಂಡಾಗುತ್ತದೆ.

ನನ್ನ ಮಾತು ನಂಬಬೇಕೆಂದಿಲ್ಲ. ಒಂದೇ ಅಳತೆಯ ಎರಡು ಹತ್ತಿ ಬಟ್ಟೆ ಚೂರು ಒದ್ದೆ ಮಾಡಿ ಹಿಂಡಿ, ಒಂದಕ್ಕೆ ಮಾತ್ರ ಎರಡೂ ಬದಿ ತೆಂಗಿನೆಣ್ಣೆ ಸವರಿ. ಎರಡನ್ನೂ ತೂಗಿ, ನೆರಳಿನಲ್ಲಿ ನೇತುಹಾಕಿ. ಅರ್ಧ ಗಂಟೆಗೊಮ್ಮೆ ಲ್ಯಾಬಿನ ತಕ್ಕಡಿಯಲ್ಲಿ ಮತ್ತೆ ತೂಗಿ, ಯಾವುದು ಬೇಗ ತೂಕ ಕಳೆದುಕೊಂಡಿತು ಅಂತ ಬರೆದಿಡಿ. ಬೈದವರಿಗೂ ಆ ಲೆಕ್ಕ ತೋರಿಸಬಹುದು.